ಹಣೆಯ ಮೇಲಿನ ಬೆಳ್ಳಿ

ಅತ್ತೆ ಧಹಬಿಯಾ ಅವರಿಗೆ, ತಲೆ ಬಾಗಿಸದೆಯೇ ಗೌರವಿಸುವ ಸೊಸೆ ಶಾಭಾಳ ವಂದನೆ.

ನಾನು ಹೇಳುತ್ತಿದ್ದೇನೆ, ದೊಡ್ಡ ಮಗಳು ಸೆಕ್ಕೂರಾ ಬರೆಯುತ್ತಿದ್ದಾಳೆ. ನಿಮಗೆ ಓದಿ ಹೇಳುವ ನನ್ನ ಮೈದುನ ಅಕ್ಲಿ ಒಂದು ಸಾಲನ್ನೂ ನುಂಗದಿರಲಿ. ಗಂಡು ಮಗುವಿನ ತಂದೆಯಾದವನಿಗೆ ಅಷ್ಟು ಧೈರ್ಯವಾದರೂ ಬಂದಿರಬೇಕು.

ನಿಮ್ಮ ಹೇಳಿಕೆ ತಲುಪಿತು. "ಮೊಮ್ಮಗನ ಏಳನೇ ದಿನದ ಊಟಕ್ಕೆ ಬಾ. ಆ ಬಿಲ್ಲೆ ಮಾತ್ರ ಎದೆ ಮೇಲಿರ್ಲಿ, ಹಣೆ ಮೇಲೆ ಬೇಡ" ಅಂದಿರಂತೆ. ಆರು ವರ್ಷಗಳ ಮೇಲೆ ಕರೆದಿರಿ. ಕರೆಯುವಾಗಲೂ ನನ್ನ ಬೆಳ್ಳಿಗೆ ಜಾಗ ಗೊತ್ತುಮಾಡಿಯೇ ಕರೆದಿರಿ.

ನನ್ನ ಮೂರನೆಯವಳು ತಿಜಿರಿ ಹುಟ್ಟಿದ ಬೆಳಿಗ್ಗೆ ಮಾವ ಗೋಡೆಯ ಬಂದೂಕನ್ನು ಮುಟ್ಟಲಿಲ್ಲ. ಗುಂಡಿನ ಸದ್ದು ಗಂಡಿಗೆ ಮಾತ್ರ, ಗೊತ್ತಿತ್ತು. ಆದರೆ ನೀವು ಪೆಟ್ಟಿಗೆ ತೆರೆದು ನಿಮ್ಮ ತಬ್ಜಿಮ್ತನ್ನು, ಹವಳ ಕೂರಿಸಿದ ಆ ದುಂಡನೆಯ ಬೆಳ್ಳಿ ಬಿಲ್ಲೆಯನ್ನು, ನನ್ನ ಮುಖದೆದುರು ಹಿಡಿದಿರಿ. "ಚೆನ್ನಾಗಿ ನೋಡ್ಕೋ. ಇದು ಗಂಡು ಹೆತ್ತೋಳ ಹಣೆಗೆ. ನಿಂಗೆ ಆ ಭಾಗ್ಯ ಇಲ್ಲ ಬಿಡು" ಎಂದು ಬೀಗ ಜಡಿದಿರಿ. ಅದನ್ನೂ ಸಹಿಸುತ್ತಿದ್ದೆ. ಮಗುವಿನ ಮುಖವನ್ನೇ ನೀವು ನೋಡಲಿಲ್ಲ.

ಬಾಣಂತನ ಮುಗಿಯುತ್ತಲೇ ನನ್ನ ಕಾಲ್ಕಡಗ ಬಿಚ್ಚಿಕೊಂಡು ಬೆನಿ ಯೆನ್ನಿ ಊರಿನ ಅಕ್ಕಸಾಲಿಗ ಬೆಲೈದಜ್ಜನ ಬಳಿ ಹೋದೆ. ಅವು ತವರಿನವು. ಹೆಣ್ಣಿನ ಬೆಳ್ಳಿ ಹೆಣ್ಣಿನದೇ, ಗಂಡನೂ ಕೇಳುವಂತಿಲ್ಲ ಎಂದು ನನಗೆ ಹೇಳಿಕೊಟ್ಟವರು ನೀವೇ.

"ಇದನ್ನ ಕರಗಿಸಿ ತಬ್ಜಿಮ್ತ್ ಮಾಡ್ಕೊಡಿ" ಅಂದೆ.

"ಗಂಡು ಮಗು ಅನ್ನು! ಒಳ್ಳೇದಾಗ್ಲಿ ತಾಯಿ."

"ಹೆಣ್ಣು."

"ಹಾಗಾದ್ರೆ ಎದೆಗೆ ಹಾಕೋ ಹಾಗೆ ಚಿಕ್ಕದು ಮಾಡ್ತೀನಿ."

"ಹಣೆಗೇ ಮಾಡಿ, ದೊಡ್ಡದು."

ಅಜ್ಜ ಸುತ್ತಿಗೆ ಕೆಳಗಿಟ್ಟ. "ಜನ ನನ್ನ ಬೈತಾರಮ್ಮ."

"ನನ್ನ ಬೈಯೋಕೇ ಅವ್ರಿಗೆ ಹೊತ್ತು ಸಾಲಲ್ಲ. ನಿಮ್ಮ ಸರದಿ ಎಲ್ಲಿ ಬರುತ್ತೆ, ಬಿಡಿ."

ಅಜ್ಜ ನಕ್ಕು ತಿದಿ ಒತ್ತಿದ.

ಬಿಲ್ಲೆ ಸಿದ್ಧವಾದ ದಿನ ಅದನ್ನು ಹಣೆಗೆ ಸಿಕ್ಕಿಸಿಕೊಂಡು, ಕೊಡ ಹೊತ್ತು ಊರ ಚಿಲುಮೆಗೆ ಹೋದೆ. ಹೆಂಗಸರೆಲ್ಲ ಕೊಡ ಕೆಳಗಿಟ್ಟು ನನ್ನ ಹಣೆ ನೋಡಿದರು. "ಏನೇ ಶಾಭಾ, ಗಂಡು ಮಗೂನ ಎಲ್ಲಿ ಬಚ್ಚಿಟ್ಟಿದೀಯ?" ಎಂದಳು ಪಕ್ಕದ ಮನೆಯ ಮೆಲ್ಖೀರ್. "ಗಂಡಲ್ಲ, ತಿಜಿರಿ. ತೊಟ್ಟಿಲಲ್ಲಿದಾಳೆ, ಬಂದು ನೋಡು" ಅಂದೆ. ಕೆಲವರು ಉಗಿದರು. ಒಬ್ಬಳು ಮಾತ್ರ ನನ್ನ ಕೊಡ ಎತ್ತಿ ತಲೆಗಿಟ್ಟಳು.

ನನಗಿಂತ ಮೊದಲು ಸುದ್ದಿ ಮನೆ ಸೇರಿತ್ತು. ನೀವು ಬಾಗಿಲಿಗೆ ಅಡ್ಡ ನಿಂತಿದ್ದಿರಿ. "ಅದನ್ನ ತೆಗಿ, ಇಲ್ಲಾ ಹೊಸ್ತಿಲು ದಾಟ್ಬೇಡ." ನಾನು ತೆಗೆಯಲಿಲ್ಲ. ಮಕ್ಕಳನ್ನು ಕರೆದುಕೊಂಡು ಕಣಿವೆಯಾಚೆಯ ತವರಿಗೆ ಹೋದೆ. ವಾರ ಕಳೆಯಲಿಲ್ಲ, ನಿಮ್ಮ ಮಗ ಮೊಕ್ರಾನ್ ತೊಟ್ಟಿಲನ್ನು ಹೆಗಲ ಮೇಲೆ ಹೊತ್ತು, ಹಾಡಹಗಲೇ, ಊರ ಗಂಡಸರೆಲ್ಲ ಕೂರುವ ಕಟ್ಟೆಯ ಮುಂದೆಯೇ ನಡೆದು ಬಂದರು. "ಏನೋ ಮೊಕ್ರಾನ್, ಹೆಂಡ್ತಿ ಚಾಕರಿನಾ?" ಎಂದು ಯಾರೋ ಕೂಗಿದರಂತೆ. "ಮಗಳ ಚಾಕರಿ" ಅಂದರಂತೆ. ಅಂದಿನಿಂದ ಇಲ್ಲೇ ಇದ್ದೇವೆ. ಆಲಿವ್ ಗಿಡ ನೆಟ್ಟಿದ್ದೇವೆ, ಯಾರ ಹಂಗೂ ಇಲ್ಲ.

ನಿಮ್ಮ ಹಿರಿಮಗಳು ಫೆರ್ರೂಜಾ ಕಳೆದ ಚಳಿಗಾಲ ಬಂದಿದ್ದಾಗ ನೀವೆಂದೂ ಹೇಳದ್ದನ್ನು ಹೇಳಿದಳು. ಗಂಡಾಗುವ ಮುಂಚೆ ನೀವು ಹೆತ್ತದ್ದು ನಾಲ್ಕು ಹೆಣ್ಣು. ನಾಲ್ಕನೆಯವಳು ಹುಟ್ಟಿದ ದಿನ ನೀವೇ ಎದ್ದು ಒಲೆ ಹಚ್ಚಿಕೊಂಡಿರಂತೆ. ಗಂಡು ಹುಟ್ಟಿದರೆ ಊರು ಕೇಳುವಂತೆ ಹಾಕುವ ಹರ್ಷದ ಕೂಗನ್ನು ಒಬ್ಬ ಹೆಂಗಸೂ ಹಾಕಲಿಲ್ಲವಂತೆ. ಕೇಳಿ ನನ್ನ ಕೋಪ ತಣ್ಣಗಾಯಿತು ಎಂದುಕೊಳ್ಳಬೇಡಿ, ಇಮ್ಮಡಿಯಾಯಿತು. ಇಷ್ಟು ಉಂಡವರು ನನಗೂ ಅದನ್ನೇ ಬಡಿಸಿದಿರಲ್ಲ!

ಊಟಕ್ಕೆ ಬರುತ್ತೇನೆ. ಬಿಲ್ಲೆ ಹಣೆಯ ಮೇಲೇ ಇರುತ್ತದೆ. ಬಾಗಿಲು ತೆರೆದರೆ ಒಳಗೆ, ಇಲ್ಲವಾದರೆ ಅಂಗಳದಲ್ಲೇ ನಿಂತು ಅಕ್ಲಿಯ ಮಗನಿಗೆ ಊರು ಕೇಳುವಂತೆ ಹರ್ಷದ ಕೂಗು ಹಾಕುತ್ತೇನೆ. ಕೂಸು ಏನು ತಪ್ಪು ಮಾಡಿದೆ? ಆಮೇಲೆ ಇನ್ನೂ ನಾಲ್ಕು ಕೂಗು ಹಾಕುತ್ತೇನೆ, ನಿಮ್ಮ ಒಬ್ಬೊಬ್ಬ ಮಗಳ ಹೆಸರು ಹಿಡಿದು. ತಡೆಯಬೇಕೆನಿಸಿದರೆ ತಡೆಯಿರಿ. ದನಿಗೂಡಿಸಬೇಕೆನಿಸಿದರೆ ಪಕ್ಕದಲ್ಲಿ ಜಾಗವಿದೆ.

ಮೊಮ್ಮಗ ನೂರು ವರ್ಷ ಬಾಳಲಿ. ಅವನ ಬೆನ್ನಿಗೆ ತಂಗಿಯರು ಹುಟ್ಟಲಿ.

ಮೂರು ಹೆಣ್ಣುಮಕ್ಕಳ ತಾಯಿ,
ಶಾಭಾ