ಹಿಡಿದವರಿಗೆ ಕಾಣದ ಚಿತ್ರ

ಹಿತಾ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಆರು ವರ್ಷವಾಯಿತು. ಇದನ್ನು ಎಲ್ಲಿಗೂ ಕಳಿಸುವುದಿಲ್ಲ. ಆದರೂ ಸಿಂಗಪುರದ ಬುವೊನಾ ವಿಸ್ಟಾದಲ್ಲಿರುವ ನನ್ನ ಆಫೀಸಿನಲ್ಲಿ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಹೊರದೇಶದ ಒಂದು ಊರಿನಿಂದ ಸುದ್ದಿ ಬಂತು. ಗರ್ಭಪಾತ ವಿರೋಧಿಸುವವರು ರಕ್ತಸಿಕ್ತ ಭ್ರೂಣದ ಚಿತ್ರ ಹಿಡಿದು ರಸ್ತೆಯಲ್ಲಿ ನಿಲ್ಲುವಂತಿಲ್ಲ ಎಂದು ಅಲ್ಲಿನ ನಗರಸಭೆ ನಿಯಮ ತರುತ್ತಿದೆಯಂತೆ. ಸುದ್ದಿಯ ಜೊತೆಗೆ ಅಂಥ ಬೋರ್ಡ್ ಹಿಡಿದ ಹೆಂಗಸೊಬ್ಬಳ ಫೋಟೋ ಇತ್ತು; ಓದುಗರಿಗೆ ತೋರಿಸುವ ಮೊದಲು ಅದನ್ನು ಎಷ್ಟು ಮಸುಕು ಮಾಡಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ.

ಪಕ್ಕದಲ್ಲಿ ಕೂರುವ ವರ್ಣಿಕಾ ಸಿಂಗಪುರದಲ್ಲೇ ಬೆಳೆದವಳು. ಇಂಥದ್ದನ್ನು ರಸ್ತೆಯಲ್ಲಿ ಕಂಡವಳೇ ಅಲ್ಲ. "ಫುಲ್ ಬ್ಲರ್ ಮಾಡಿದ್ರೆ ಯಾಕೆ ಬ್ಯಾನ್ ಮಾಡ್ತಿದಾರೆ ಅಂತ ಹೆಂಗ್ ಗೊತ್ತಾಗತ್ತೆ?" ಎಂದಳು. ಆಮೇಲೆ ಸ್ಕ್ರೀನಿನತ್ತ ಬಗ್ಗಿ, ಇಲ್ಲಿನವರು ಮಾತಿನ ಕೊನೆಗೆ ಹಚ್ಚುವ 'ಲಾ' ಸೇರಿಸಿ, "ಫನ್ನಿ ಲಾ! ಬೋರ್ಡ್ ಹಿಡ್ಕೊಂಡಿರೋ ಆಂಟಿಗೆ ಅದು ಕಾಣ್ಸೋದೇ ಇಲ್ಲ. ಅವ್ರ ಕಡೆ ಬರೀ ಬಿಳಿ" ಎಂದಳು.

ಹೌದಲ್ಲ! ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗದು ಹೊಳೆದಿರಲಿಲ್ಲ. ಆ ಹೆಂಗಸು ನೋಡುತ್ತಿದ್ದದ್ದು ಎದುರಿಗೆ ಬರುವವರ ಮುಖವನ್ನು ಮಾತ್ರ.

ಮಸುಕು ಮಾಡುವ ಮೊದಲು ಚಿತ್ರವನ್ನು ಪೂರ್ತಿ ನೋಡಬೇಕು. ನೋಡಿದೆ. ನೀನು ಕ್ಲಿನಿಕ್‌ಗೆ ಹೊರಟ ಬೆಳಿಗ್ಗೆ ಇಂಥದೇ ಒಂದನ್ನು, ಯಾವುದೋ ಗ್ರೂಪಿನಲ್ಲಿ ಬಂದದ್ದನ್ನು, ನಾನು ಸರಿಯಾಗಿ ನೋಡದೆಯೇ ನಿನಗೆ ಫಾರ್ವರ್ಡ್ ಮಾಡಿದ್ದೆ.

ಅವತ್ತು ನಾನು ಕಣ್ಣು ನೆಟ್ಟು ಕಾದದ್ದು ಎರಡು ಟಿಕ್‌ಗಳು ನೀಲಿಯಾಗುವುದನ್ನು ಮಾತ್ರ.