ಎರಡು ಭಾಗದ ಬೀರು

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಪ್ಪನ ನೂರು ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ಉಳಿ ಹಿಡಿದ ದಿನ ಪೆನ್ನು ಹಿಡಿಯಲು ನನಗೆ ಬರುವುದಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ.

ನಿನ್ನ ಡ್ರಾಯರ್ ಬೀರುವಿನ ವಿಷಯಕ್ಕೆ ಬರುತ್ತೇನೆ. "ಸ್ಕ್ರೂ ಹಾಕಿ ಮಾಡಪ್ಪ, ಬೇಕಾದಾಗ ಬಿಚ್ಚಿ ಜೋಡಿಸೋ ಹಾಗಿರಲಿ" ಎಂದು ಬರೆದಿದ್ದೆ. ಓದಿ ಮೈಯೆಲ್ಲ ಉರಿದುಹೋಯಿತು. ಬಡಗಿಯ ಮಗಳು ಕೇಳುವ ಮಾತೇನೇ ಇದು? ಗಟ್ಟಿಮರ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಸ್ಕ್ರೂ ಇದ್ದಲ್ಲೇ ಇರುತ್ತದೆ. ನಾಲ್ಕು ಸಲ ಬಿಚ್ಚಿ ಹಾಕಿದರೆ ತೂತು ಸಡಿಲವಾಗಿ ಬೀರು ಕುಣಿಯತೊಡಗುತ್ತದೆ. ಮೂಲೆಗಳಿಗೆ ಪಾರಿವಾಳದ ಬಾಲದ ಕಚ್ಚೇ ಸರಿ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಒಂದು ಹಲಗೆಯ ತುದಿಗೆ ಬಾಲದ ಹಾಗೆ ಅಗಲವಾಗುತ್ತ ಹೋಗುವ ಹಲ್ಲು, ಇನ್ನೊಂದರಲ್ಲಿ ಅದಕ್ಕೆ ತಕ್ಕ ಸಂದು. ಒಮ್ಮೆ ಕೂತರೆ ಎಳೆದರೂ ಬಿಡುವುದಿಲ್ಲ. ಎದೆಯೆತ್ತರದ ಎರಡು ಪಕ್ಕದ ಹಲಗೆಗಳನ್ನು ಕೀಸಿ, ನಯಮಾಡಿ ಇಟ್ಟೂ ಆಗಿತ್ತು.

ಅಮ್ಮನ ಮುಂದೆ ಕೂಗಾಡಿದೆ. "ಗಂಡಂದು ಸ್ವಂತ ಮನೆ ಇರೋವಾಗ ಬೀರು ಬಿಚ್ಕೊಂಡು ಎಲ್ಲಿಗೆ ಹೋಗ್ತಾಳೆ? ಮನೆ ಏನು ಎದ್ದು ಹೋಗುತ್ತಾ?" ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಮನೆ ಎಲ್ಲಿಗೂ ಹೋಗಲ್ಲ ರೀ. ಹೋಗಬೇಕು ಅಂತಿರೋದು ಅವಳು. ಅಷ್ಟೂ ಅರ್ಥ ಆಗಲ್ವಾ ನಿಮಗೆ?" ಅಂದಳು. ತುಂಬಾ ಸಂಕಟವಾಯಿತು ಮಗಳೇ.

ಮರುದಿನ ಅಂಗಡಿಗೆ ಹೋಗಿ ಆ ಎರಡೂ ಹಲಗೆಗಳನ್ನು ನಡುವಿಗೆ ಕೊಯ್ಯಲು ಗೆರೆ ಎಳೆದೆ. ಪಾಲುದಾರ ಕುಳ್ಳಣ್ಣ ಬಾಯಿ ಬಾಯಿ ಬಡಿದುಕೊಂಡ. "ಅಯ್ಯೋ, ತಲೆ ಕೆಟ್ಟಿದೆಯೇನೋ ನಿಂಗೆ? ಒಂದು ಗಂಟಿಲ್ಲದ ಹಲಗೆ ಕಣೋ!" "ಮಗಳ ಮನೆ ಮೆಟ್ಟಿಲು ಇಕ್ಕಟ್ಟು" ಅಂದೆ. ನಂಬಲಿಲ್ಲ. ಆದರೂ ಕೊಯ್ಯುವಾಗ ಇನ್ನೊಂದು ತುದಿ ಹಿಡಿದುಕೊಂಡ.

ಈಗ ಬೀರು ಒಂದರ ಮೇಲೊಂದು ಕೂರುವ ಎರಡು ಪೆಟ್ಟಿಗೆಯಾಗಿದೆ. ಮೂಲೆಗಳಿಗೆಲ್ಲ ನಾನು ಹೇಳಿದ ಕಚ್ಚೇ, ಆ ಹಟ ಬಿಟ್ಟಿಲ್ಲ. ಕೆಳಗಿನದರ ನೆತ್ತಿಯಲ್ಲಿ ನಾಲ್ಕು ಮರದ ಗೂಟ, ಮೇಲಿನದರ ತಳದಲ್ಲಿ ನಾಲ್ಕು ತೂತು. ಎತ್ತಿದರೆ ಬೇರೆ, ಇಟ್ಟರೆ ಒಂದು. ಒಂದೇ ಒಂದು ಸ್ಕ್ರೂ ಇಲ್ಲ. ಡ್ರಾಯರ್ ತಳದ ಹಲಗೆಗೆ ಗೋಂದು ಹಾಕದೆ, ಪಕ್ಕಗಳಲ್ಲಿ ಕೊರೆದ ಉದ್ದನೆಯ ತೋಡಿನಲ್ಲಿ ಸುಮ್ಮನೆ ಜಾರಿಸಿದ್ದೇನೆ, ಹಿಗ್ಗಲು ಜಾಗ ಬೇಕಲ್ಲ. ಥಂಡಿಯಲ್ಲಿ ಡ್ರಾಯರ್ ಬಿಗಿಯಾದರೆ ಗುದ್ದಬೇಡ, ಅಂಚಿಗೆ ಮೇಣ ಉಜ್ಜು.

ಡ್ರಾಯರ್ ತೆಗೆದರೆ ಒಂದೊಂದು ಪೆಟ್ಟಿಗೆಯನ್ನೂ ನೀನೊಬ್ಬಳೇ ಎತ್ತಬಹುದು. ನಾನು ಬೇಡವೆಂದರೂ ಅಮ್ಮ ಮಂಡಿನೋವಿನಲ್ಲೇ ಎತ್ತಿ ನೋಡಿದಳು. "ನನ್ನ ಕೈಲಾದರೆ ಅವಳ ಕೈಲಿ ಆಗಲ್ವಾ" ಅಂತ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಎಲ್ಲಿದ್ದರೂ ಚೆನ್ನಾಗಿರು, ನಗುತ್ತಿರು.

ನಿನ್ನ
ಅಪ್ಪ

ತಾ.ಕ.: ನಿನ್ನಲ್ಲಿಗೆ ಬಂದಿದ್ದಾಗ ಅಮ್ಮ ಮಂಚದ ಕೆಳಗೆ ನೋಡಿದಳಂತೆ. ಮದುವೆಯಾಗಿ ಮೂರು ವರ್ಷವಾದರೂ ನಿನ್ನ ಬಟ್ಟೆಯೆಲ್ಲ ಸೂಟ್‌ಕೇಸಿನಲ್ಲೇ ಇದೆಯಂತೆ. ಕಪಾಟಿನ ತುಂಬ ಅಳಿಯಂದಿರದ್ದು, ಅವರ ತಾಯಿಯದ್ದು. ನನಗೆ ಈಗ ಹೇಳಿದಳು. ಬೀರು ಅಲ್ಲಿಗೆ ಕಳಿಸಲೋ ಬೇಡವೋ, ನೀನೇ ಹೇಳು. ಅಗಲ ನೀನು ಬರೆದದ್ದಕ್ಕಿಂತ ಎರಡು ಬೆರಳು ಕಡಿಮೆ ಮಾಡಿದ್ದೇನೆ, ಅಲ್ಲೂ ಹಿಡಿಸುತ್ತದೆ. ಆದರೆ ಆ ಅಳತೆ ತೆಗೆದದ್ದು ಇಲ್ಲಿ, ನಿನ್ನ ಕೋಣೆಯ ಕಿಟಕಿ ಪಕ್ಕದ ಗೋಡೆಗೆ ಟೇಪು ಹಿಡಿದು. ಆ ಕೋಣೆಯಲ್ಲಿ ನಾನು ಒಟ್ಟಿದ್ದ ಮರದ ತುಂಡುಗಳನ್ನೆಲ್ಲ ತೆಗೆದು, ಗುಡಿಸಿ ಇಟ್ಟಿದ್ದೇನೆ.