ಬಾವುಟಕ್ಕೆ ಕೀಟನಾಶಕ

ಪುರಸಭೆಯ ಉದ್ಯಾನ ಮತ್ತು ಅಲಂಕಾರ ವಿಭಾಗದ ಮಾನ್ಯ ನಿರ್ದೇಶಕರೇ,

ಬರುವ ಜೂನ್ ಇಪ್ಪತ್ತರ ಬಾವುಟದ ದಿನದ ಗೌರವಾರ್ಥ ತಾವು ನಮ್ಮ ಚೌಕದಲ್ಲಿ ಬಾವುಟವನ್ನೇ ಕೊಲ್ಲಲು ಹೊರಟಿದ್ದೀರಿ. ಇದಕ್ಕೆ ನನ್ನ ಕಟುವಾದ ಆಕ್ಷೇಪಣೆಯಿದೆ.

ಗಾಬರಿಯಾಗಬೇಡಿ, ವಿವರಿಸುತ್ತೇನೆ. ನನ್ನ ಸೋದರತ್ತೆ ಎರ್ಮೆಲಿಂದಾ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅದರ ಎದುರಿಗೆ, ಚೌಕದ ಮೂಲೆಯಲ್ಲಿ, ತಮ್ಮ ನೋಟಿಸಿನ ಪ್ರಕಾರ ಔಷಧಿ ಹೊಡೆದು ಕಡಿಯಬೇಕಾದ 'ಕಳೆ' ಇದೆ. ಅತ್ತೆಯ ಪ್ರಕಾರ ಅದು ತೋಟ. ನದಿದಂಡೆಯಲ್ಲಿ ತಾವಾಗಿಯೇ ಬೆಳೆಯುತ್ತಿದ್ದ ಗಿಡಗಳನ್ನು, ದಂಡೆಗೆ ಕಾಂಕ್ರೀಟು ಬಿದ್ದ ಮೇಲೆ, ಆಕೆ ಇಲ್ಲಿ ತಂದು ಸಾಕಿದಳು. ಅವುಗಳ ನಡುವೆ ಆಕೆಯೇ ಬೀಜ ಹಾಕಿ ಬೆಳೆಸಿದ ಒಂದು ಮುಳ್ಳಿನ ಕೊರೊನಿಯೊ ಮರ. ಚಳಿಗಾಲದಲ್ಲಿ, ಅಂದರೆ ನಮ್ಮಲ್ಲಿ ಈ ಜೂನ್ ಹೊತ್ತಿಗೆ, ಅದರ ಕೊಂಬೆಗಳ ಮೇಲೆ ಕೆಂಪು ಕಂಬಳಿಹುಳುಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಕೂರುತ್ತವೆ. ನೋಡಲು ಚಂದವಿಲ್ಲ, ಒಪ್ಪಿದೆ. ಬೆಳಗಿನ ಬಸ್ಸಿನಲ್ಲಿ ನಾವೂ ಹಾಗೆಯೇ ಕೂರುತ್ತೇವೆ. ನಮ್ಮ ಮೇಲೆ ಯಾರೂ ಔಷಧಿ ಹೊಡೆಯುವುದಿಲ್ಲ. ಬೇಸಿಗೆ ಬಂದಾಗ ಇವೇ ಹುಳುಗಳು ಅಂಗೈಯಗಲದ ತಿಳಿನೀಲಿ ಚಿಟ್ಟೆಗಳಾಗಿ ಏಳುತ್ತವೆ. ನಮ್ಮ ದೇಶದ ಬಿಳಿ-ನೀಲಿ ಬಾವುಟದ್ದೇ ಬಣ್ಣ; ಅವುಗಳ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು: 'ಅರ್ಜೆಂಟೀನಾ ಬಾವುಟ'. ನಮ್ಮ ಬಡಾವಣೆಯಲ್ಲಿ ಅವಕ್ಕೆ ಅನ್ನ ಹಾಕುವ ಮರ ಇದೊಂದೇ.

ಬಟ್ಟೆಯ ಬಾವುಟ ಏರಿಸಲು ಉಸಿರಾಡುವ ಬಾವುಟದ ಮೇಲೆ ವಿಷ! ದೇಶಭಕ್ತಿ ಇದಕ್ಕಿಂತ ಎತ್ತರಕ್ಕೆ ಹಾರೀತೇ? ಮರ ಹೋದ ಜಾಗದಲ್ಲಿ ಬಿಳಿ, ನೀಲಿ ಪ್ಯಾನ್ಸಿ ಹೂಗಳನ್ನು ಜೋಡಿಸುತ್ತೀರಂತೆ. ಅವು ಲಾರಿಯಲ್ಲಿ ಬಂದು, ಭಾಷಣ ಮುಗಿಯುವವರೆಗೆ ನಿಂತು, ಬಾಡಿ, ಲಾರಿಯಲ್ಲೇ ಹೊರಟುಹೋಗುತ್ತವೆ. ಥೇಟ್ ಮುಖ್ಯ ಅತಿಥಿಗಳ ಹಾಗೆ.

ಕಳೆದ ಗುರುವಾರ ತಮ್ಮ ಸಿಬ್ಬಂದಿ ಗರಗಸ, ಪಂಪು ಹೊತ್ತು ಬಂದರು. ಹಿಂದಿನ ಸಂಜೆಯೇ ನಾನು ಮರದ ಕಾಂಡಕ್ಕೆ ಬಿಳಿ-ನೀಲಿ ಪಟ್ಟಿ ಸುತ್ತಿ ದೊಡ್ಡ ಗಂಟು ಹಾಕಿದ್ದೆ. ಮೇಸ್ತ್ರಿ ಅಬೆಲಾರ್ದೊ ನೋಡಿದ್ದೇ ತಡ, ಟೋಪಿ ತೆಗೆದ.

"ಏ ಹುಡುಗಾ, ಯಾರೋ ಇದನ್ನ ಕಟ್ಟಿದ್ದು?"

"ದೇಶ" ಎಂದೆ.

"ನಿನ್ ತಲೆ! ಬಾವುಟ ಕಟ್ಟಿರೋ ಮರಕ್ಕೆ ಗರಗಸ ಹಾಕಿದ್ರೆ ನನ್ ಫೋಟೊ ಊರೆಲ್ಲ ಓಡಾಡತ್ತೆ ಕಣೋ. ಬಿಚ್ಚು."

"ನೀನೇ ಬಿಚ್ಕೋ. ಆದ್ರೆ ಬಾವುಟ ಇಳಿಸೋವಾಗ ಎಲ್ರೂ ನೆಟ್ಟಗೆ ನಿಂತ್ಕೊಂಡು ಹಾಡ್ಬೇಕು."

ಅಷ್ಟರಲ್ಲಿ ಅತ್ತೆ ಕತ್ತರಿ ಹಿಡಿದೇ ಹೊರಬಂದಳು. ಹಿಂದೆ ಅರ್ಧ ತಲೆಗೆ ಮಾತ್ರ ಬಣ್ಣ ಹಚ್ಚಿಸಿಕೊಂಡ ಗಿರಾಕಿ.

"ಅಣ್ಣಾ, ನಾನೂ ಕತ್ತರಿ ಹಿಡಿದೋಳೇ. ಕೂದಲು ಸರಿಮಾಡು ಅಂದ್ರೆ ತಲೆ ತೆಗೀತೀನಾ? ಇದರ ಬೀಜ ಹಾಕ್ದಾಗ ನನ್ ಕೂದ್ಲು ಬಣ್ಣ ಇಲ್ದೇನೇ ಕಪ್ಪಗಿತ್ತು. ಇನ್ನೊಂದು ನೆಟ್ರೆ, ಅದು ನೆರಳು ಕೊಡೋ ಹೊತ್ತಿಗೆ ನಾನು ಬೇರಿನ ಹತ್ರ ಮಲಗಿರ್ತೀನಿ."

"ನನಗ್ಯಾಕೆ ಹೇಳ್ತೀಯಕ್ಕಾ? ಮೇಲಿನೋರಿಗೆ ಬರೀರಿ" ಎಂದು ಅಬೆಲಾರ್ದೊ ಪಂಪು ಹೊತ್ತು ಹೊರಟ. ನಾನು ಗೆದ್ದವನಂತೆ ನಕ್ಕೆ. ಅತ್ತೆ ನಗಲಿಲ್ಲ. "ಆ ಪಟ್ಟಿ ಎಷ್ಟು ಮಳೆ ತಡೆಯುತ್ತೋ?" ಎಂದಳು, ಅಷ್ಟೇ.

ಮರುದಿನವೇ ಎರಡನೇ ನೋಟಿಸು. ರಾಷ್ಟ್ರಲಾಂಛನದ ದುರ್ಬಳಕೆ, ಪಟ್ಟಿ ತೆಗೆಯತಕ್ಕದ್ದು, ಬಾವುಟದ ದಿನಕ್ಕೆ ಮೊದಲು, ಮಂಗಳವಾರ, ಮರ ಕಡಿಯಲಾಗುವುದು. ಬಾವುಟವನ್ನು ಮರಕ್ಕೆ ಕಟ್ಟಿದರೆ ಅಪರಾಧ, ಅದೇ ಮರದಲ್ಲಿ ಹುಟ್ಟಿದರೆ ಕೊಳಕು. ಹಾಗಾದರೆ ಅದು ಇನ್ನೆಲ್ಲಿ ಇರಬೇಕು ಸ್ವಾಮಿ, ತಮ್ಮ ಮೇಜಿನ ಮೇಲಿನ ಪೆನ್ನಿನ ಡಬ್ಬಿಯಲ್ಲೇ?

ಪ್ರತಿವರ್ಷ ಬಾವುಟದ ದಿನ ನಾಲ್ಕನೇ ತರಗತಿಯ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಬಾವುಟವನ್ನು ಗೌರವಿಸಿ ಕಾಯುತ್ತೀರಾ ಎಂದು ದೊಡ್ಡವರು ಕೇಳುತ್ತಾರೆ. "ಹೌದು, ಮಾತು ಕೊಡ್ತೀವಿ!" ಎಂದು ಮಕ್ಕಳು ಕಿರುಚುತ್ತಾರೆ. ನಾನೂ ಕಿರುಚಿದ್ದೇನೆ. ಬೆಳೆದ ಮೇಲೆ ಆ ಮಾತನ್ನು ಹಿಂದಿರುಗಿಸಬೇಕೆಂದು ಯಾರೂ ಹೇಳಲಿಲ್ಲ. ತಾವೂ ಒಂದು ಕಾಲಕ್ಕೆ ನಾಲ್ಕನೇ ತರಗತಿಯಲ್ಲಿದ್ದಿರಿ ಎಂದು ನಂಬಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ: ಆದೇಶ ಹಿಂತೆಗೆದುಕೊಳ್ಳಿ. ಮರವನ್ನೂ ಹುಳುಗಳನ್ನೂ ಅವುಗಳ ಪಾಡಿಗೆ ಬಿಡಿ. ಆಗದಿದ್ದರೆ ಮಂಗಳವಾರ ಅಬೆಲಾರ್ದೊನನ್ನು ಕಳಿಸಬೇಡಿ. ತಾವೇ ಬಂದು ಆ ಗಂಟನ್ನು ಸ್ವಂತ ಕೈಯಿಂದ ಬಿಚ್ಚಿ. ನಾಲ್ಕನೇ ತರಗತಿಯವರನ್ನು ಕರೆದಿದ್ದೇನೆ. ಈ ಸಲ ಪ್ರಶ್ನೆ ಕೇಳುವವರು ಅವರು.

ಇಂತಿ,
ಕೊಟ್ಟ ಮಾತಿನಲ್ಲಿ ಸಿಕ್ಕಿಹಾಕಿಕೊಂಡ
ಲಿಸಾಂದ್ರೊ
(ಕಂಬಳಿಹುಳುಗಳಿಗೆ ಸಹಿ ಹಾಕಲು ಬಾರದ ಕಾರಣ, ಅವುಗಳ ಪರವಾಗಿಯೂ)